ಮಗುವನ್ನು ಹೇಗೆ ಮಲಗಿಸಬೇಕು ಡಾಕ್ಟ್ರೇ? ಡಿಸ್ಚಾರ್ಜ್‌ಗೆ ಮುಂಚೆ ಕೇಳಲೇಬೇಕಾದ ಮಾತು

ಮೊದಲ ಹೆರಿಗೆಯಾಗಿ ಮನೆಗೆ ಹೊರಟಾಗ ನನ್ನ ಕೈಗೆ ಒಂದು ಫೈಲ್ ಕೊಟ್ಟರು. ಅದರಲ್ಲಿ ಬಿಲ್ಲು, ಲಸಿಕೆಯ ತಾರೀಖು, ವಿಟಮಿನ್ ಡಿ ಹನಿ, ಹೊಲಿಗೆ ನೋಡಲು ಬರಬೇಕಾದ ದಿನ ಎಲ್ಲ ಇತ್ತು. ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಎಂದರು. ಹೊರಗೆ ಆಟೊ ಕಾಯುತ್ತಿತ್ತು. ದಿನದ ಮುಕ್ಕಾಲು ಪಾಲು ನಿದ್ದೆಯಲ್ಲೇ ಕಳೆಯುವ ಜೀವವನ್ನು ಹೇಗೆ ಮಲಗಿಸಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಲಗಿಸುವುದನ್ನೂ ಡಾಕ್ಟರನ್ನು ಕೇಳುತ್ತಾರಾ ಅಂತ ಅನಿಸಿತ್ತು.

ಎರಡು ವರ್ಷ ಕಳೆದು ತಂಗಿಗೆ ಅಮೆರಿಕದಲ್ಲಿ ಹೆರಿಗೆಯಾಯಿತು. ಅಲ್ಲಿ ನರ್ಸ್ ಬಂದು ವಿಡಿಯೊ ತೋರಿಸಿ, ಅಂಗಾತವೇ ಮಲಗಿಸಿ, ತೊಟ್ಟಿಲಲ್ಲಿ ಏನೂ ಇಡಬೇಡಿ ಎಂದು ಹೇಳಿ, ಅರ್ಥವಾಯಿತೆಂದು ಸಹಿ ಹಾಕಿಸಿಕೊಂಡ ಮೇಲೆಯೇ ಕಳಿಸಿದರಂತೆ. ಬಾಣಂತನಕ್ಕೆಂದು ಹೋಗಿದ್ದ ಅಮ್ಮ ಒಯ್ದಿದ್ದ ಸಾಸಿವೆ ದಿಂಬು ಸೂಟ್‌ಕೇಸಿನಲ್ಲೇ ಉಳಿಯಿತು. 'ನಾನು ಮೂರು ಮಕ್ಕಳನ್ನು ಸಾಕಿಲ್ವಾ?' ಎಂದು ಅಮ್ಮ ಫೋನಿನಲ್ಲಿ ಗೊಣಗಿದರು. ಆ ಗೊಣಗಾಟ ಕೇಳಿಯೇ ನಾನು, ಮಲಗಿಸುವ ರೀತಿಗೂ ಎಳೆಗೂಸುಗಳು ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ತೀರಿಕೊಳ್ಳುವುದಕ್ಕೂ ಇರುವ ನಂಟಿನ ಬಗ್ಗೆ ಓದತೊಡಗಿದ್ದು. ನಾನು ವೈದ್ಯೆಯಲ್ಲ. ಡಾಕ್ಟರ ಬಾಯಿಂದ ಸರಿಯಾದ ಸಲಹೆಯನ್ನು ಹೇಗೆ ಪಡೆಯಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇದು ಏನು ಎಂದು ತಿಳಿದುಕೊಳ್ಳಿ

ಆರೋಗ್ಯವಾಗಿದ್ದ ಮಗು ಹಾಲು ಕುಡಿದು ಮಲಗುತ್ತದೆ, ಮತ್ತೆ ಏಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ 'ಬಾಲಗ್ರಹ ಹಿಡಿಯಿತು' ಎನ್ನುತ್ತಿದ್ದರು. ಇಂಗ್ಲಿಷಿನವರು ಕಾಟ್ ಡೆತ್, ಅಂದರೆ ತೊಟ್ಟಿಲ ಸಾವು ಎಂದರು. 1969ರಲ್ಲಿ ಸಿಯಾಟಲ್‌ನಲ್ಲಿ ಸೇರಿದ ತಜ್ಞರು ಇದಕ್ಕೆ ಸಡನ್ ಇನ್‌ಫೆಂಟ್ ಡೆತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಚುಟುಕಾಗಿ ಸಿಡ್ಸ್. ಒಂದು ವರ್ಷ ತುಂಬದ ಮಗು ತೀರಿಕೊಂಡು, ಮರಣೋತ್ತರ ಪರೀಕ್ಷೆ ಮಾಡಿ, ಮಲಗಿದ್ದ ಜಾಗ ನೋಡಿ, ಕಾಯಿಲೆಯ ಚರಿತ್ರೆ ಕೇಳಿದ ಮೇಲೂ ಕಾರಣ ಸಿಗದಿದ್ದರೆ ಮಾತ್ರ ಈ ಹೆಸರು ಬಳಸುತ್ತಾರೆ. ನಮ್ಮಲ್ಲಿ ಇಷ್ಟೆಲ್ಲ ಪರೀಕ್ಷೆ ನಡೆಯುವುದು ಅಪರೂಪ. ಹಾಗಾಗಿ ಈ ಹೆಸರು ಕಿವಿಗೆ ಬೀಳುವುದೂ ಅಪರೂಪ.

ಹತ್ತರಲ್ಲಿ ಒಂಬತ್ತು ಸಾವುಗಳು ಆರು ತಿಂಗಳೊಳಗೆ ಆಗುತ್ತವೆ. ಎರಡರಿಂದ ನಾಲ್ಕನೆಯ ತಿಂಗಳು ಎಲ್ಲಕ್ಕಿಂತ ಅಪಾಯದ ಕಾಲ. ಇದೇಕೆ ಹೀಗೆ ಎಂಬುದಕ್ಕೆ 1994ರಲ್ಲಿ ಫಿಲಿಯಾನೊ ಮತ್ತು ಕಿನ್ನಿ ಎಂಬ ಸಂಶೋಧಕರು ಕೊಟ್ಟ ವಿವರಣೆಯನ್ನು ಇಂದಿಗೂ ಹೆಚ್ಚಿನವರು ಒಪ್ಪುತ್ತಾರೆ. ಕೆಲವು ಮಕ್ಕಳ ಮಿದುಳಿನ ಬುಡದಲ್ಲಿ, ಉಸಿರು ಮತ್ತು ಎಚ್ಚರವನ್ನು ನೋಡಿಕೊಳ್ಳುವ ಭಾಗದಲ್ಲಿ, ಹುಟ್ಟಿನಿಂದಲೇ ಏನೋ ಒಂದು ಕೊರತೆ ಇರುತ್ತದೆ. ಹೊರಗಿನಿಂದ ನೋಡಿದರೆ ಅದು ಕಾಣುವುದಿಲ್ಲ. ಇದರ ಜೊತೆಗೆ ಮೊದಲ ಆರು ತಿಂಗಳ ನಾಜೂಕು ವಯಸ್ಸು. ಮೂರನೆಯದು ಹೊರಗಿನ ಒತ್ತಡ: ಬೋರಲು ಮಲಗಿ ಮುಖ ಹಾಸಿಗೆಗೆ ಒತ್ತುವುದು, ಮೈ ಅತಿಯಾಗಿ ಬಿಸಿಯಾಗುವುದು, ಹೊಗೆ. ಬೇರೆ ಮಗುವಾದರೆ ತಲೆ ಹೊರಳಿಸುತ್ತದೆ, ಅಳುತ್ತದೆ. ಈ ಮಗು ಏಳುವುದಿಲ್ಲ. ಮೂರೂ ಒಟ್ಟಿಗೆ ಸೇರಿದಾಗ ಅನಾಹುತ. ಮೊದಲೆರಡು ನಮ್ಮ ಕೈಯಲ್ಲಿಲ್ಲ, ಮೂರನೆಯದು ಬಹುಪಾಲು ನಮ್ಮ ಕೈಯಲ್ಲಿದೆ. ಇನ್ನು ಮುಂದೆ ಹೇಳುವುದೆಲ್ಲ ಅದರ ಬಗ್ಗೆಯೇ.

ಡಾಕ್ಟರ ಮಾತಿಗೂ ತಾರೀಖು ಇರುತ್ತದೆ

ಈ ಭಾಗವನ್ನು ದಾಟಿಸಿ ಓದಬೇಡಿ. ಬೇರೆ ಬೇರೆ ಡಾಕ್ಟರು ಬೇರೆ ಬೇರೆ ಮಾತು ಹೇಳುವುದು ಯಾಕೆ ಎಂಬುದು ಇಲ್ಲಿದೆ.

1950ರ ದಶಕದ ಕೊನೆಯಿಂದ ಪಶ್ಚಿಮದ ದೇಶಗಳಲ್ಲಿ ಮಕ್ಕಳನ್ನು ಬೋರಲು ಮಲಗಿಸಿ ಎಂದು ಹೇಳತೊಡಗಿದವರು ಡಾಕ್ಟರುಗಳೇ. ಅಂಗಾತ ಮಲಗಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಅವರ ವಾದ. ಕೇಳಲು ಸರಿಯೆನಿಸುತ್ತದೆ, ಆದರೆ ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. 1980ರ ದಶಕದ ಕೊನೆಗೆ ನೆದರ್‌ಲ್ಯಾಂಡ್ಸ್, ನ್ಯೂಜಿಲೆಂಡ್, ಇಂಗ್ಲೆಂಡಿನ ಅಧ್ಯಯನಗಳು ಬೋರಲು ಮಲಗಿಸುವುದೇ ದೊಡ್ಡ ಅಪಾಯ ಎಂದು ತೋರಿಸಿದವು. 1991ರಲ್ಲಿ ಬ್ರಿಟನ್ನಿನ ಟಿವಿ ನಿರೂಪಕಿ ಆ್ಯನ್ ಡೈಮಂಡ್ ಅವರ ನಾಲ್ಕು ತಿಂಗಳ ಮಗ ಹೀಗೇ ತೀರಿಕೊಂಡ. ನ್ಯೂಜಿಲೆಂಡಿನಲ್ಲಿ ಈ ಸತ್ಯ ಆಗಲೇ ಗೊತ್ತಿತ್ತು ಎಂದು ತಿಳಿದಾಗ ಆಕೆ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ 'ಬ್ಯಾಕ್ ಟು ಸ್ಲೀಪ್', ಅಂದರೆ ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾಯಿತು. ಅಲ್ಲಿಂದ ಈಚೆಗೆ ಅಲ್ಲಿ ಇಂಥ ಸಾವುಗಳು ಸುಮಾರು ಶೇ 80ರಷ್ಟು ಇಳಿದಿವೆ. ಅಮೆರಿಕದ ಪ್ರಚಾರ 1994ರಲ್ಲಿ ಶುರುವಾಯಿತು, ಅಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಇದಕ್ಕೆ ಹೊಸ ಔಷಧಿ ಬರಲಿಲ್ಲ, ಹೊಸ ಯಂತ್ರವೂ ಬರಲಿಲ್ಲ. ಮಗುವನ್ನು ಮಗುಚಿ ಮಲಗಿಸುವುದನ್ನು ಬಿಟ್ಟರು, ಅಷ್ಟೇ.

2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಕೂಡಿಸಿ ನೋಡಿದ ಸಂಶೋಧಕರು, 1970ರ ಹೊತ್ತಿಗೇ ಈ ಅಪಾಯ ಗೊತ್ತಾಗಬಹುದಿತ್ತು, ಗೊತ್ತಾಗಿದ್ದರೆ ಬ್ರಿಟನ್ನಿನಲ್ಲೇ 10 ಸಾವಿರಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಿದ್ದರು ಎಂದು ಲೆಕ್ಕ ಹಾಕಿದರು. ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಅಜ್ಜಿಯರು ಮಗುವನ್ನು ಯಾವಾಗಲೂ ಅಂಗಾತವೇ ಮಲಗಿಸುತ್ತಿದ್ದರು. ತಲೆ ಗುಂಡಗಾಗಲಿ ಎಂಬುದು ಅವರ ಕಾರಣ. ಕಾರಣ ಏನೇ ಇರಲಿ, ಮಲಗಿಸಿದ ರೀತಿ ಸರಿಯಾಗಿತ್ತು.

ಮಗ್ಗುಲಿನ ಕಥೆಯೂ ಹೀಗೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ 'ಅಂಗಾತ ಅಥವಾ ಮಗ್ಗುಲು' ಎಂದಿತ್ತು. 1996ರಲ್ಲಿ ಅಂಗಾತವೇ ಮೇಲು ಎಂದಿತು. 2005ರಲ್ಲಿ ಮಗ್ಗುಲು ಬೇಡವೇ ಬೇಡ ಎಂದಿತು, ಏಕೆಂದರೆ ಮಗ್ಗುಲಲ್ಲಿ ಮಲಗಿದ ಮಗು ಸುಲಭವಾಗಿ ಬೋರಲಾಗುತ್ತದೆ. ನಿಮ್ಮ ಡಾಕ್ಟರು 90ರ ದಶಕದಲ್ಲಿ ಓದಿದವರಾದರೆ ಮಗ್ಗುಲಲ್ಲಿ ಮಲಗಿಸಿ ಎನ್ನಬಹುದು. ಅವರು ದಡ್ಡರೇನಲ್ಲ. ಅವರ ಪುಸ್ತಕಕ್ಕೆ ವಯಸ್ಸಾಗಿದೆ.

ಹೇಳದೆ ಬಿಡುವುದು ನಮ್ಮೂರಿನ ಆಸ್ಪತ್ರೆಗಳ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಕೇಳಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐವರಲ್ಲಿ ಒಬ್ಬರಿಗೆ ಮಗುವನ್ನು ಅಂಗಾತ ಮಲಗಿಸುವ ಬಗ್ಗೆ ಡಾಕ್ಟರಿಂದ ಸಲಹೆ ಸಿಕ್ಕಿರಲಿಲ್ಲ. ಎಲ್ಲಿ ಮಲಗಿಸಬೇಕು ಎಂಬ ಬಗ್ಗೆ ಅರ್ಧಕ್ಕಿಂತ ಹೆಚ್ಚಿನವರಿಗೆ ಸಿಕ್ಕಿರಲಿಲ್ಲ. ಇಷ್ಟು ದೊಡ್ಡ ಪ್ರಚಾರ ನಡೆದ ದೇಶದಲ್ಲೇ ಹೀಗಾದರೆ, ನಾವು ಕೇಳದೆ ನಮಗೆ ಯಾರು ಹೇಳುತ್ತಾರೆ?

ಹೆಜ್ಜೆ 1: ಏಳನೆಯ ತಿಂಗಳ ಚೆಕಪ್‌ನಲ್ಲೇ ಮಾತೆತ್ತಿ

ಹೆರಿಗೆಯಾದ ಮೇಲೆ ತಲೆ ಓಡುವುದಿಲ್ಲ, ನಿದ್ದೆ ಇರುವುದಿಲ್ಲ, ಮನೆತುಂಬ ನೆಂಟರು. ಅದಕ್ಕೇ ಮುಂಚೆಯೇ ಕೇಳಿ. ಬಸಿರಿನಲ್ಲಿ ಹೊಗೆ ತಾಗುವುದು ಸಿಡ್ಸ್ ಅಪಾಯ ಹೆಚ್ಚಿಸುವ ದೊಡ್ಡ ಸಂಗತಿಗಳಲ್ಲಿ ಒಂದು. ತಾಯಿ ಸೇದದಿದ್ದರೂ ಗಂಡನೋ ಮಾವನೋ ಒಳಗೆ ಕೂತು ಬೀಡಿ, ಸಿಗರೇಟು ಸೇದುತ್ತಿದ್ದರೆ ಅದನ್ನು ಡಾಕ್ಟರ ಮುಂದೆಯೇ ಹೇಳಿ. ನೀವು ಹೇಳಿದರೆ ಕೇಳದವರು ಡಾಕ್ಟರು ಬೈದರೆ ಕೇಳುತ್ತಾರೆ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ನಿಮಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಅದರಲ್ಲಿರುವ ನಿಕೋಟಿನ್ ಹೊಟ್ಟೆಯಲ್ಲಿರುವ ಮಗುವಿಗೂ ತಲುಪುತ್ತದೆ.

ಇನ್ನೊಂದು ಕೆಲಸ ಮಾಡಿ: ಬಾಣಂತನ ಮಾಡುವವರನ್ನು ಒಂದು ಸಲವಾದರೂ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಅಮ್ಮನೋ, ಅತ್ತೆಯೋ, ದೊಡ್ಡಮ್ಮನೋ. ನಮ್ಮ ಮನೆಗಳಲ್ಲಿ ಮಗುವನ್ನು ಹೇಗೆ ಮಲಗಿಸಬೇಕೆಂದು ತೀರ್ಮಾನಿಸುವವರು ಇಪ್ಪತ್ತೈದು ವರ್ಷದ ತಾಯಿ ಅಲ್ಲ. ಡಾಕ್ಟರು ತಾಯಿಗೆ ಹೇಳಿದ್ದು ಬಚ್ಚಲಿನವರೆಗೂ ತಲುಪುವುದಿಲ್ಲ, ಅಜ್ಜಿಗೆ ಹೇಳಿದ್ದು ಮನೆಯ ಕಾನೂನಾಗುತ್ತದೆ.

ಹೆಜ್ಜೆ 2: ಆಸ್ಪತ್ರೆಯಲ್ಲಿ ಕಂಡದ್ದನ್ನೆಲ್ಲ ಮನೆಗೆ ತರಬೇಡಿ

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವನ್ನು ಎನ್‌ಐಸಿಯುನಲ್ಲಿ, ಅಂದರೆ ಎಳೆಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಬೋರಲು ಮಲಗಿಸಿದ್ದನ್ನು ಕಿಟಕಿಯಿಂದ ನೋಡಿರುತ್ತೀರಿ. ಅಲ್ಲಿ ಉಸಿರು, ಎದೆಬಡಿತ, ಆಮ್ಲಜನಕ ಎಲ್ಲವನ್ನೂ ಯಂತ್ರ ನೋಡುತ್ತಿರುತ್ತದೆ. ಮನೆಯಲ್ಲಿ ಆ ಯಂತ್ರ ಇಲ್ಲ. ಮನೆಗೆ ಕಳಿಸುವ ಎಷ್ಟೋ ದಿನ ಮೊದಲೇ ಆ ಮಗುವಿಗೆ ಅಂಗಾತ ಮಲಗುವ ಅಭ್ಯಾಸ ಮಾಡಿಸಬೇಕು. ನಿಮ್ಮ ಮಗುವಿಗೆ ಮಾಡಿಸಿದ್ದಾರಾ ಎಂದು ಕೇಳಿ. ಬೇಗ ಹುಟ್ಟಿದ ಮತ್ತು ತೂಕ ಕಡಿಮೆ ಇರುವ ಮಕ್ಕಳಿಗೇ ಸಿಡ್ಸ್ ಅಪಾಯ ಜಾಸ್ತಿ. ಇವರ ಅಪ್ಪ ಅಮ್ಮಂದಿರು ನಾಚಿಕೊಳ್ಳದೆ ಎರಡು ಸಲ ಕೇಳಬೇಕು.

ಕಾಂಗರೂ ಆರೈಕೆ, ಅಂದರೆ ಮಗುವನ್ನು ತಾಯಿಯ ಬರಿ ಎದೆಗೆ ಆನಿಸಿಟ್ಟುಕೊಳ್ಳುವುದನ್ನು ಹೇಳಿಕೊಟ್ಟಿದ್ದರೆ ಅದು ಬೇರೆ ವಿಷಯ, ಅದನ್ನು ಬಿಡಬೇಡಿ. ಆದರೆ ತಾಯಿ ಎಚ್ಚರವಾಗಿರಬೇಕು, ಒರಗಿ ಕೂತಿರಬೇಕು, ಮಗುವಿನ ಮುಖ ಒಂದು ಪಕ್ಕಕ್ಕಿದ್ದು ಮೂಗು ಕಾಣುತ್ತಿರಬೇಕು. ಕಣ್ಣು ಎಳೆಯತೊಡಗಿದರೆ ಮಗುವನ್ನು ಬೇರೆಯವರ ಕೈಗೆ ಕೊಡಿ.

ಹೆಜ್ಜೆ 3: ಡಿಸ್ಚಾರ್ಜ್ ದಿನದ ಐದು ನಿಮಿಷ

ಬಿಲ್ಲು ಕಟ್ಟಲು ಗಂಡನನ್ನು ಕಳಿಸುವ ಮೊದಲು ಅವರನ್ನೂ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟು ಕೇಳಿ.

'ಡಾಕ್ಟ್ರೇ, ಮಗುವನ್ನು ಯಾವ ಕಡೆಗೆ ಮಲಗಿಸಬೇಕು?' ಸರಿಯಾದ ಉತ್ತರ: ಅಂಗಾತ. ರಾತ್ರಿ ಮಾತ್ರ ಅಲ್ಲ, ಹಗಲಿನ ಸಣ್ಣ ನಿದ್ದೆಗೂ.

'ಹಾಲು ಕಕ್ಕಿದರೆ ಉಸಿರು ಕಟ್ಟಲ್ವಾ?' ಎಲ್ಲರ ಹೆದರಿಕೆ ಇದು. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಶ್ವಾಸನಾಳಕ್ಕೆ ಹೋಗಬೇಕು. ಬೋರಲು ಮಲಗಿದಾಗ ಇದು ತಿರುಗುಮುರುಗು, ಹಾಲು ಬಂದು ನಿಲ್ಲುವುದೇ ಶ್ವಾಸನಾಳದ ಬಾಯಿಯ ಹತ್ತಿರ. ಡಾಕ್ಟರು ಒಂದು ಕಾಗದದ ಮೇಲೆ ಎರಡು ಗೆರೆ ಎಳೆದು ಇದನ್ನು ತೋರಿಸಿದರೆ ಅಜ್ಜಿಗೆ ಥಟ್ಟನೆ ಅರ್ಥವಾಗುತ್ತದೆ. ಹಾಲು ಜಾಸ್ತಿ ಕಕ್ಕುವ ಮಗುವಿಗೂ ಇದೇ ನಿಯಮ. ತೊಟ್ಟಿಲಿನ ತಲೆಭಾಗ ಎತ್ತರಿಸುವುದರಿಂದ ಪ್ರಯೋಜನವಿಲ್ಲ, ಮಗು ಜಾರಿ ಕುತ್ತಿಗೆ ಮಡಿಸಿಕೊಳ್ಳುತ್ತದೆ ಅಷ್ಟೇ.

'ನಮ್ಮ ಮಗುವಿಗೆ ಬೇರೆ ಏನಾದರೂ ವಿಶೇಷ ಎಚ್ಚರ ಬೇಕಾ?' ಮಗು 37 ವಾರಕ್ಕೆ ಮೊದಲು ಹುಟ್ಟಿದ್ದರೆ, ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ, ಬಾಯಿ ಅಥವಾ ಶ್ವಾಸನಾಳದ ತೊಂದರೆ ಇದ್ದರೆ ಉತ್ತರ ಬೇರೆ ಇರಬಹುದು.

ಡಾಕ್ಟರು 'ಹೆಂಗ್ ಬೇಕಾದ್ರೂ ಮಲಗ್ಸಿ, ಏನೂ ಆಗಲ್ಲ' ಎಂದರೆ ವಾದ ಮಾಡಬೇಡಿ. 'ಅಂಗಾತ ಮಲಗಿಸಬೇಕು ಅಂತ ಓದಿದ್ದೆ, ನಮ್ಮ ಮಗುವಿಗೆ ಅದು ಬೇಡ ಅನ್ನೋದಕ್ಕೆ ಏನಾದ್ರೂ ಕಾರಣ ಇದೆಯಾ ಸರ್?' ಎಂದು ಕೇಳಿ. ಕಾರಣ ಇದ್ದರೆ ಹೇಳುತ್ತಾರೆ. ಇಲ್ಲದಿದ್ದರೆ, 'ಹೂಂ, ಅಂಗಾತನೇ ಒಳ್ಳೇದು' ಎನ್ನುತ್ತಾರೆ. ಎರಡೂ ನಿಮಗೆ ಲಾಭವೇ. ಡಾಕ್ಟರು ತೀರಾ ಅವಸರದಲ್ಲಿದ್ದರೆ ವಾರ್ಡಿನ ಹಿರಿಯ ಸಿಸ್ಟರನ್ನು ಹಿಡಿಯಿರಿ. ನಿಜ ಹೇಳಬೇಕೆಂದರೆ ಕೈಯಲ್ಲಿ ಮಾಡಿ ತೋರಿಸುವುದು ಅವರಿಗೇ ಚೆನ್ನಾಗಿ ಬರುತ್ತದೆ.

ಹೆಜ್ಜೆ 4: ಮನೆಯಲ್ಲಿ ಮಲಗುವ ಜಾಗ

ಸಲಹೆ ನಿಲ್ಲುವುದೋ ಬೀಳುವುದೋ ಇಲ್ಲಿ. ಪುಸ್ತಕದಲ್ಲಿ ಬರೆದ ತೊಟ್ಟಿಲು ಬೇರೆ, ನಮ್ಮ ಮನೆ ಬೇರೆ.

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಅಂಗೈಯಿಂದ ಒತ್ತಿ ಕೈ ತೆಗೆಯಿರಿ. ಗುಳಿ ಉಳಿದರೆ ಅದು ಮಗುವಿಗಲ್ಲ. ಈ ಲೆಕ್ಕದಲ್ಲಿ ಚಾಪೆಯ ಮೇಲೆ ಹಾಸಿದ ತೆಳು ಕೌದಿ, ಹೊಸದಾಗಿ ತುಂಬಿಸಿದ ಉಬ್ಬಿದ ಹತ್ತಿ ಹಾಸಿಗೆಗಿಂತ ಎಷ್ಟೋ ವಾಸಿ. ಉಡುಗೊರೆ ಬರುವ ಮೆತ್ತನೆ ಬೇಬಿ ಬೆಡ್, ಸುತ್ತಲೂ ದಿಂಬಿರುವ ಗೂಡು, ತೊಟ್ಟಿಲ ಕಂಬಿಗೆ ಕಟ್ಟುವ ಪಟ್ಟಿ ಇವೆಲ್ಲ ಫೋಟೋಗೆ ಚೆಂದ. ಕಂಬಿಗೆ ಕಟ್ಟುವ ಪಟ್ಟಿ ಮತ್ತು ಇಳಿಜಾರಿನ ಮಲಗುವ ಕುರ್ಚಿಗಳ ಮಾರಾಟವನ್ನು ಅಮೆರಿಕ 2022ರ ಕಾನೂನಿನಲ್ಲಿ ನಿಷೇಧಿಸಿತು. ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಅವು ಆರಾಮಾಗಿ ಸಿಗುತ್ತವೆ.

ಸಾಸಿವೆ ದಿಂಬು? ಅಮ್ಮನ ಮನಸ್ಸು ನೋಯಿಸದೆ ಹೇಳುವುದು ಕಷ್ಟ. ಆದರೆ ಮೊದಲ ವರ್ಷ ಯಾವ ದಿಂಬೂ ಬೇಡ. ತಲೆ ಗುಂಡಗಾಗಲು ಬೇರೆ ದಾರಿ ಇದೆ: ಮಗು ಎಚ್ಚರವಿದ್ದಾಗ, ನೀವು ಕಣ್ಣೆದುರೇ ಇದ್ದಾಗ, ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸಿ. ಮನೆಗೆ ಬಂದ ದಿನದಿಂದಲೇ ಎರಡು ಮೂರು ನಿಮಿಷದಂತೆ ಶುರು ಮಾಡಿ, ಏಳು ವಾರದ ಹೊತ್ತಿಗೆ ದಿನಕ್ಕೆ ಒಟ್ಟು 15ರಿಂದ 30 ನಿಮಿಷಕ್ಕೆ ತನ್ನಿ. ಕುತ್ತಿಗೆಯೂ ಗಟ್ಟಿಯಾಗುತ್ತದೆ.

ಸೀರೆಯ ಜೋಳಿಗೆ ಇನ್ನೂ ಕಷ್ಟದ ಪ್ರಶ್ನೆ. ಜೋಳಿಗೆಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ, ಎಳೆಗೂಸಿನ ಉಸಿರುದಾರಿ ಮಡಿಸಿಕೊಳ್ಳುತ್ತದೆ. ಬಟ್ಟೆ ಎರಡೂ ಕಡೆಯಿಂದ ಮುಖಕ್ಕೆ ಮುಚ್ಚಿಕೊಳ್ಳುತ್ತದೆ. ಹಾಗೆಂದು ತೋಟದ ಕೆಲಸಕ್ಕೆ ಹೋಗುವ ತಾಯಿಗೆ 'ಜೋಳಿಗೆ ಬಿಡಿ' ಎಂದು ಊರಿನ ಡಾಕ್ಟರು ಹೇಳಿದರೆ ಆಕೆ ನಗುತ್ತಾಳೆ. ನನ್ನ ಲೆಕ್ಕದಲ್ಲಿ ಕನಿಷ್ಠ ಇಷ್ಟಾದರೂ ಆಗಬೇಕು: ಅಗಲಿಸುವ ಕೋಲು ಹಾಕಿರಬೇಕು, ಮುಖ ಕಾಣುವಷ್ಟು ಹತ್ತಿರ ಯಾರಾದರೂ ಇರಬೇಕು, ನಿದ್ದೆ ಹಿಡಿದ ಮೇಲೆ ಎತ್ತಿ ಸಮತಟ್ಟು ಜಾಗದಲ್ಲಿ ಅಂಗಾತ ಮಲಗಿಸಬೇಕು. ರಾತ್ರಿಯಿಡೀ ಜೋಳಿಗೆಯಲ್ಲಿ ಬಿಡಬಾರದು.

ಪಕ್ಕದಲ್ಲಿ ಮಲಗಿಸುವ ವಿಷಯಕ್ಕೆ ಬರೋಣ. ಮಗು ಕನಿಷ್ಠ ಆರು ತಿಂಗಳು ಅಪ್ಪ ಅಮ್ಮನ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಬೇಕು ಎಂಬುದು ಅಮೆರಿಕದ ಅಕಾಡೆಮಿಯ ಸಲಹೆ. ಬ್ರಿಟನ್ನಿನವರು ಸ್ವಲ್ಪ ಬೇರೆ ರೀತಿ ಹೇಳುತ್ತಾರೆ: ಪಕ್ಕದಲ್ಲಿ ಮಲಗಿಸುವವರು ಹೇಗೂ ಮಲಗಿಸುತ್ತಾರೆ, ಯಾವಾಗ ಖಂಡಿತ ಕೂಡದು ಎಂಬುದನ್ನಾದರೂ ತಿಳಿಸೋಣ. ನಮ್ಮ ಮನೆಗಳಿಗೆ ಎರಡನೆಯದೇ ಹೆಚ್ಚು ಉಪಯೋಗ ಎಂದು ನನಗೆ ಅನಿಸುತ್ತದೆ. ಕೂಡದು ಎಂದರೆ: ಪಕ್ಕದಲ್ಲಿ ಮಲಗುವವರು ಬೀಡಿ ಸಿಗರೇಟು ಸೇದುವವರಾದರೆ, ಕುಡಿದಿದ್ದರೆ, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡಿದ್ದರೆ, ಮಗು ತಿಂಗಳು ತುಂಬದೆ ಹುಟ್ಟಿದ್ದರೆ ಅಥವಾ ತೂಕ ಕಡಿಮೆ ಇದ್ದರೆ. ಗಂಡ ಕುಡಿದು ಬರುವ ಮನೆಯಾದರೆ ಡಾಕ್ಟರ ಬಳಿ ಒಬ್ಬರೇ ಇದ್ದಾಗ ಹೇಳಿ. ಮಗುವಿನ ಆಚೀಚೆ ದಿಂಬು ಒಡ್ಡಬೇಡಿ. ಅಪ್ಪ ಅಮ್ಮನ ನಡುವೆ ದಪ್ಪ ರಗ್ಗಿನೊಳಗೆ ಹಾಕಬೇಡಿ. ದೊಡ್ಡ ಮಗುವನ್ನು ಪಕ್ಕದಲ್ಲಿ ಮಲಗಿಸಬೇಡಿ.

ಎಲ್ಲಕ್ಕಿಂತ ಅಪಾಯ ಸೋಫಾ. ರಾತ್ರಿ ಎರಡು ಗಂಟೆಗೆ, ಗಂಡನ ನಿದ್ದೆ ಕೆಡದಿರಲಿ ಎಂದು ಹಾಲ್‌ನ ಸೋಫಾದಲ್ಲಿ ಕೂತು ಹಾಲು ಕೊಡುತ್ತೀರಿ. ಅಲ್ಲೇ ಕಣ್ಣು ಮುಚ್ಚುತ್ತದೆ. ಮಗು ಸೋಫಾದ ಸಂದಿಗೆ ಜಾರುತ್ತದೆ. ತೂಕಡಿಕೆ ಬರಬಹುದು ಅನಿಸಿದರೆ ಹಾಸಿಗೆಯಲ್ಲೇ ಕೂತು ಹಾಲು ಕೊಡಿ. ಗಂಡನ ನಿದ್ದೆ ಕೆಟ್ಟರೆ ಕೆಡಲಿ.

ನ್ಯೂಜಿಲೆಂಡಿನ ಮಾವೊರಿ ಜನ ನಮ್ಮಂತೆಯೇ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವವರು. ಅಲ್ಲಿ 'ಮಲಗಿಸಬೇಡಿ' ಎಂಬ ಮಾತು ನಾಟದೆ ಹೋದಾಗ, ನಾರಿನಿಂದ ಹೆಣೆದ 'ವಹಕುರ' ಎಂಬ ಸಣ್ಣ ಬುಟ್ಟಿಯನ್ನು ಬಳಕೆಗೆ ತಂದರು. ಬುಟ್ಟಿ ಅಪ್ಪ ಅಮ್ಮನ ಹಾಸಿಗೆಯ ಮೇಲೇ ಇರುತ್ತದೆ, ಮಗು ಬುಟ್ಟಿಯೊಳಗೆ. ಓದಿದಾಗ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುವ ನಮ್ಮ ಪದ್ಧತಿ ನೆನಪಾಯಿತು.

ಹೆಜ್ಜೆ 5: ಬಾಣಂತಿ ಕೋಣೆಯ ಬಿಸಿ

ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಸಾಂಬ್ರಾಣಿ ಹಾಕಿ, ಕುಲಾವಿ ಕಟ್ಟಿ, ಎರಡು ಬಟ್ಟೆ ಸುತ್ತಿ, ಮೇಲೊಂದು ಕಂಬಳಿ ಹೊದಿಸಿದರೆ ಮಗು ಮೂರು ತಾಸು ಮಿಸುಕಾಡುವುದಿಲ್ಲ. 'ಎಷ್ಟು ಚೆಂದ ನಿದ್ದೆ ಹೋಯ್ತು ನೋಡು' ಎನ್ನುತ್ತೇವೆ. ಆದರೆ ಮೈ ಅತಿಯಾಗಿ ಬಿಸಿಯಾದ ಮಗು ಎಚ್ಚರಗೊಳ್ಳುವುದು ಕಷ್ಟ, ಅಲ್ಲೇ ಅಲ್ವಾ ಅಪಾಯ ಇರುವುದು? ನೀರು ಎರೆಯಿರಿ, ಯಾರೂ ಬೇಡ ಎನ್ನುವುದಿಲ್ಲ. ಮೈ ಒಣಗಿದ ಮೇಲೆ ಒಳಗೆ ಮಲಗಿಸುವಾಗ ಕುಲಾವಿ ಬಿಚ್ಚಿ. ಚಿಕ್ಕ ಮಕ್ಕಳು ಹೆಚ್ಚಿನ ಬಿಸಿಯನ್ನು ತಲೆಯಿಂದಲೇ ಕಳೆಯುತ್ತಾರೆ. ನಿಮಗಿಂತ ಒಂದೇ ಒಂದು ಪದರ ಜಾಸ್ತಿ ಬಟ್ಟೆ ಸಾಕು. ಕೈಕಾಲು ತಣ್ಣಗಿದೆ ಎಂದು ಹೊದಿಸಬೇಡಿ, ಅದು ಸಹಜ. ಎದೆಯ ಮೇಲೋ ಕುತ್ತಿಗೆಯ ಹಿಂದೋ ಮುಟ್ಟಿ ನೋಡಿ. ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ.

ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದಂತೂ ಕೂಡದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಅದು ಸಿಡ್ಸ್ ಅಲ್ಲ, ವಿಷ. ತಾಯಿಯೂ ಉಳಿಯುವುದಿಲ್ಲ. ಕೊರಳಿನ ಕಪ್ಪು ದಾರ, ತಾಯಿತವನ್ನು ಮಲಗುವಾಗ ತೆಗೆಯಿರಿ. ದೃಷ್ಟಿಯ ಭಯ ಇದ್ದರೆ ಕಾಲಿನ ಕೆಳಗೆ ಕಾಡಿಗೆಯ ಬೊಟ್ಟು ಇಟ್ಟರಾಯಿತು.

ಹೆಜ್ಜೆ 6: ಆಶಾ ಅಕ್ಕ ಬಂದಾಗ

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಮಗುವಿನ ತೂಕ, ಜ್ವರ, ಹೊಕ್ಕುಳು ನೋಡುತ್ತಾರೆ. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ಮಗು ಮಲಗುವ ಜಾಗವನ್ನೇ ತೋರಿಸಿ, 'ಇದು ಸರಿ ಇದೆಯಾ ಅಕ್ಕಾ?' ಎಂದು ಕೇಳಿ. ಡಾಕ್ಟರು ನಿಮ್ಮ ಮನೆ ನೋಡಿರುವುದಿಲ್ಲ, ಇವರು ನೋಡಿರುತ್ತಾರೆ. ಅಜ್ಜಿಯೊಂದಿಗೆ ಮಾತಾಡುವುದೂ ಅವರಿಗೇ ಸುಲಭ.

ಹೆಜ್ಜೆ 7: ಲಸಿಕೆಯ ದಿನದ ಗಾಳಿಮಾತು

6, 10, 14ನೆಯ ವಾರ ಪೆಂಟಾವಲೆಂಟ್ ಚುಚ್ಚುಮದ್ದು. ಸಿಡ್ಸ್ ಹೆಚ್ಚಾಗಿ ಆಗುವುದೂ ಎರಡರಿಂದ ನಾಲ್ಕನೆಯ ತಿಂಗಳಲ್ಲಿ. ಹಾಗಾಗಿ ಎಲ್ಲೋ ಒಂದು ಮಗು ಲಸಿಕೆಯಾದ ಎರಡು ದಿನಕ್ಕೆ ತೀರಿಕೊಂಡರೆ ಊರೆಲ್ಲ ಸೂಜಿಯನ್ನೇ ದೂರುತ್ತದೆ. ಹಲವು ದೇಶಗಳಲ್ಲಿ ನೋಡಿದ್ದಾರೆ: ಲಸಿಕೆ ಸಿಡ್ಸ್‌ಗೆ ಕಾರಣವಲ್ಲ. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಅದು ಕಡಿಮೆಯೇ. ಎದೆಹಾಲೂ ಹಾಗೇ. ಕನಿಷ್ಠ ಎರಡು ತಿಂಗಳು ಎದೆಹಾಲು ಕುಡಿದ ಮಕ್ಕಳಲ್ಲಿ ಅಪಾಯ ಸುಮಾರು ಅರ್ಧದಷ್ಟು.

ಇಲ್ಲೇ ಚೀಪುವ ನಿಪ್ಪಲ್ ವಿಷಯವೂ ಬರುತ್ತದೆ. ಅಮೆರಿಕದ ಡಾಕ್ಟರು ಹಾಲು ಕುಡಿಯುವುದು ಚೆನ್ನಾಗಿ ರೂಢಿಯಾದ ಮೇಲೆ, ಮಲಗುವಾಗ ಕೊಡಬಹುದು ಎನ್ನುತ್ತಾರೆ. ನಮ್ಮ ಡಾಕ್ಟರು ಸಾಮಾನ್ಯವಾಗಿ ಬೇಡ ಎನ್ನುತ್ತಾರೆ, ಕೊಳೆ ಮತ್ತು ಎದೆಹಾಲಿನ ಕಾರಣಕ್ಕೆ. ನಮ್ಮ ನೀರು, ನಮ್ಮ ಅಡುಗೆಮನೆ ನೋಡಿದರೆ ನಾನು ನಮ್ಮ ಡಾಕ್ಟರ ಪರ. ಕಾಲಿಗೆ ಕಟ್ಟುವ ಉಸಿರಿನ ಮಾನಿಟರ್‌ಗಳಿಗೆ ದುಡ್ಡು ಸುರಿಯಬೇಡಿ. ಅವು ಸಿಡ್ಸ್ ತಡೆಯುತ್ತವೆ ಎಂಬುದಕ್ಕೆ ಪುರಾವೆ ಇಲ್ಲ.

ನಾಲ್ಕನೆಯ ತಿಂಗಳ ಹೊತ್ತಿಗೆ ಮಗು ಮಗುಚಿಕೊಳ್ಳಲು ಶುರು ಮಾಡುತ್ತದೆ. ಅದರ ಮೊದಲ ಲಕ್ಷಣ ಕಂಡ ದಿನವೇ ಬಟ್ಟೆ ಸುತ್ತಿ ಮಲಗಿಸುವುದನ್ನು ನಿಲ್ಲಿಸಿ. ಕೈ ಕಟ್ಟಿದ ಮಗು ಬೋರಲಾದರೆ ತಿರುಗಲಾರದು. ನೀವು ಯಾವಾಗಲೂ ಅಂಗಾತವೇ ಮಲಗಿಸಿ. ಆಚೆಗೂ ಈಚೆಗೂ ತಾನೇ ಹೊರಳಲು ಬಂದ ಮೇಲೆ, ನಿದ್ದೆಯಲ್ಲಿ ಅದೇ ಮಗುಚಿಕೊಂಡರೆ ರಾತ್ರಿಯಿಡೀ ಕಾವಲು ಕೂರಬೇಕಿಲ್ಲ.

ಓದುತ್ತಿರುವವರು ಡಾಕ್ಟರಾಗಿದ್ದರೆ

ನಿಮ್ಮ ಹೊರಗೆ ಅರವತ್ತು ಜನ ಕಾಯುತ್ತಿದ್ದಾರೆ, ಗೊತ್ತು. ಎರಡೇ ನಿಮಿಷ ಕೊಡಿ. ಮೊದಲು ಹೇಳಬೇಡಿ, ಕೇಳಿ: 'ಮನೆಯಲ್ಲಿ ಮಗು ಎಲ್ಲಿ ಮಲಗುತ್ತೆ? ಯಾರ ಪಕ್ಕ?' ಆ ಉತ್ತರಕ್ಕೆ ಹೊಂದುವ ಒಂದೋ ಎರಡೋ ಮಾತು ಸಾಕು. ಕಾರಣ ಹೇಳಿ. ಕಾರಣ ಇಲ್ಲದ ಅಪ್ಪಣೆ ಗೇಟು ದಾಟುವುದಿಲ್ಲ. ಕೊನೆಗೆ, 'ಅಜ್ಜಿ, ಒಂದ್ಸಲ ನೀವೇ ಮಲಗಿಸಿ ತೋರ್ಸಿ' ಎನ್ನಿ. ತಾಯಿ ಕಾರ್ಡಿನ ಖಾಲಿ ಜಾಗದಲ್ಲಿ 'ಅಂಗಾತ, ದಿಂಬು ಬೇಡ' ಎಂದು ಕನ್ನಡದಲ್ಲಿ ಬರೆದು ಕೊಟ್ಟರೆ ಮನೆಯ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಆಗಬಾರದ್ದು ಆದರೆ

ಮಗು ಉಸಿರಾಡುತ್ತಿಲ್ಲ, ಅಂಗಾಲು ತಟ್ಟಿದರೂ ಮಿಸುಕುತ್ತಿಲ್ಲ ಎಂದರೆ ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಮಗುವನ್ನು ಗಟ್ಟಿ ಜಾಗದಲ್ಲಿ ಅಂಗಾತ ಹಾಕಿ, ಎರಡೂ ಕೈಗಳಿಂದ ಎದೆಗೂಡನ್ನು ಬಳಸಿ, ಹೆಬ್ಬೆರಳುಗಳನ್ನು ಎದೆಯ ನಡುವೆ, ಮೊಲೆತೊಟ್ಟುಗಳ ಗೆರೆಗಿಂತ ತುಸು ಕೆಳಗಿಟ್ಟು 30 ಸಲ ಬೇಗ ಬೇಗ ಒತ್ತಿ. ಎದೆ ಸುಮಾರು 4 ಸೆಂಟಿಮೀಟರ್ ತಗ್ಗಬೇಕು. ಆಮೇಲೆ ಮೂಗು ಬಾಯಿ ಎರಡನ್ನೂ ನಿಮ್ಮ ಬಾಯಿಯಿಂದ ಮುಚ್ಚಿ ಎರಡು ಸಣ್ಣ ಉಸಿರು ಕೊಡಿ. ಸಹಾಯ ಬರುವವರೆಗೂ ನಿಲ್ಲಿಸಬೇಡಿ. ಓದಿದರೆ ಇದು ಬರುವುದಿಲ್ಲ. ಡಿಸ್ಚಾರ್ಜ್‌ಗೆ ಮುಂಚೆ ಸಿಸ್ಟರ ಹತ್ತಿರ ಗೊಂಬೆಯ ಮೇಲೆ ಕಲಿತುಕೊಳ್ಳಿ.

ಮಗು ಉಳಿಯದಿದ್ದರೆ ಪೊಲೀಸರು ಬರಬಹುದು, ಮರಣೋತ್ತರ ಪರೀಕ್ಷೆ ಎನ್ನಬಹುದು. ಅದು ಆರೋಪವಲ್ಲ. ಹೃದಯದ ತೊಂದರೆಯೋ, ವಂಶದಲ್ಲಿ ಬಂದ ಕಾಯಿಲೆಯೋ ಇದ್ದರೆ ಗೊತ್ತಾಗುವುದು ಅದರಿಂದಲೇ, ಮುಂದಿನ ಮಗುವಿಗೆ ಅದು ಬೇಕು. ಕೆಲವು ವಾರ ಬಿಟ್ಟು ವರದಿ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಇಬ್ಬರೂ ಹೋಗಿ ಕೂತು ಕೇಳಿ.

'ತಾಯಿ ನೋಡಿಕೊಳ್ಳಲಿಲ್ಲ' ಎಂಬ ಮಾತು ಬಂದೇ ಬರುತ್ತದೆ. ಡಾಕ್ಟರುಗಳೂ ಇದರಲ್ಲಿ ಎಡವಿದ್ದಾರೆ. ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬಾಕೆಯ ಎರಡು ಗಂಡು ಕೂಸುಗಳು ತೀರಿಕೊಂಡಾಗ, ಹೆಸರಾಂತ ಮಕ್ಕಳ ತಜ್ಞರೊಬ್ಬರು ಇದು ಸಹಜವಾಗಿ ಆಗುವುದು 7 ಕೋಟಿ 30 ಲಕ್ಷಕ್ಕೆ ಒಂದು ಸಲ ಎಂದು ಕೋರ್ಟಿನಲ್ಲಿ ಹೇಳಿದರು. ಮಕ್ಕಳನ್ನು ಕೊಂದಳೆಂದು 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಒಂದೇ ಮನೆಯ ಎರಡು ಸಾವುಗಳಿಗೆ ಒಂದೇ ಮೂಲ ಇರಬಹುದು ಎಂಬುದನ್ನೇ ಆ ಲೆಕ್ಕ ಮರೆತಿತ್ತು. 2003ರಲ್ಲಿ ಶಿಕ್ಷೆ ರದ್ದಾಯಿತು. ಆಕೆ ಚೇತರಿಸಿಕೊಳ್ಳಲೇ ಇಲ್ಲ, 2007ರಲ್ಲಿ ತೀರಿಕೊಂಡರು. ಎಲ್ಲ ಎಚ್ಚರಿಕೆ ವಹಿಸಿದ ಮನೆಯಲ್ಲೂ ಸಿಡ್ಸ್ ಆಗುತ್ತದೆ. ಇದನ್ನು ಡಾಕ್ಟರು ಅತ್ತೆ, ಮಾವ, ಗಂಡನ ಮುಂದೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನೀವೇ ಹೇಳಿಸಿ.

ಯಾರೂ ನೆನಪಿಡದ ಎರಡು ಸಂಗತಿಗಳಿವೆ. ಮಗು ಹೋದರೂ ಹಾಲು ನಿಲ್ಲುವುದಿಲ್ಲ. ಮೂರನೆಯ ದಿನಕ್ಕೆ ಎದೆ ಕಲ್ಲಾಗಿ ಜ್ವರ ಬರುತ್ತದೆ, ಆಕೆ ಯಾರಿಗೂ ಹೇಳುವುದಿಲ್ಲ. ಹೆರಿಗೆ ಮಾಡಿಸಿದ ಡಾಕ್ಟರನ್ನು ಕೇಳಿ, ಹಾಲು ಬತ್ತಿಸಲು ಮಾತ್ರೆ ಇದೆ. ಇನ್ನೊಂದು, ಮನೆಯ ದೊಡ್ಡ ಮಗುವಿಗೆ 'ಪಾಪು ನಿದ್ದೆ ಮಾಡ್ತಿದೆ' ಎಂದು ಹೇಳಬೇಡಿ. ತೀರಿಕೊಂಡಿತು ಎಂದೇ ಹೇಳಿ. ಇಲ್ಲದಿದ್ದರೆ ಅಂದಿನ ರಾತ್ರಿಯಿಂದ ಅದಕ್ಕೂ ಕಣ್ಣು ಮುಚ್ಚಲು ಭಯವಾಗುತ್ತದೆ.